ಮುಚ್ಚಿಟ್ಟ ಊಟ

ನ್ಯಾಯಾಧೀಶರ ಮುಂದಿನ ನೀರಿನ ಲೋಟಕ್ಕೆ ಮುಚ್ಚಳ ಇದೆ, ಸದ್ಯ, ಧೂಳು ಬೀಳುವುದಿಲ್ಲ, ಯಾರೋ ಅಚ್ಚುಕಟ್ಟಿನವರು, ಅವಳೂ ಹಾಗೇ, ಏನಿಟ್ಟರೂ ಮುಚ್ಚಿಯೇ ಇಡುತ್ತಿದ್ದಳು ಆ ಹುಡುಗಿ — ಬೇಡ, ಈಗ ಅದು ಬೇಡ, ಮುದುಕಿ ಸರಿದು ಕೂತಳು, ಬೆನ್ನು ಹಿಡಿದಿದೆ, ಹಾಳು ಬೆಂಚು, ಪಕ್ಕದಲ್ಲಿ ಮಗ, ಆಚೆ ಸಾಲಿನಲ್ಲಿ ಬೀಗಿತ್ತಿ, ಹುಡುಗಿಯ ತಾಯಿ, ಅಯ್ಯೋ ಎಷ್ಟು ಇಳಿದುಹೋಗಿದ್ದಾಳೆ. ಸೊಸೆಯ ಆತ್ಮಹತ್ಯೆಗೆ ಅತ್ತೆ ಕಾರಣಳಲ್ಲ ಅಂತ ಕೆಳಗಿನ ಕೋರ್ಟು ಬಿಟ್ಟುಬಿಟ್ಟಿತ್ತು, ಮುಗಿಯಿತು ಅಂದುಕೊಂಡರೆ ಸರ್ಕಾರ ಮೇಲ್ಮನವಿ ಹಾಕಿದೆ, ಈ ವಯಸ್ಸಿನಲ್ಲಿ ಜೈಲು, ಅಲ್ಲಿ ನೆಲದ ಮೇಲೆ ಮಲಗಿಸುತ್ತಾರಂತೆ, ಬೆಳಗ್ಗೆ ಎಬ್ಬಿಸಿ ಕೂರಿಸುವವರು ಯಾರು. ಮುದುಕಿಯ ಪರ ವಕೀಲರು ಎದ್ದಿದ್ದಾರೆ, ಸ್ವಾಮಿ, ಪ್ರಚೋದನೆಗೆ ಮಾತು ಬೇಕು, ಕೃತ್ಯ ಬೇಕು, ಈ ತಾಯಿ ಬೈದಿಲ್ಲ, ಹೊಡೆದಿಲ್ಲ, ಸಾಯಿ ಅಂದಿಲ್ಲ, ಸಾಕ್ಷಿಗಳೇ ಹೇಳಿದ್ದಾರೆ, ಸೊಸೆ ಸಾಯುವವರೆಗೂ ಎಷ್ಟೋ ತಿಂಗಳು ಅವಳ ಜೊತೆ ಒಂದೇ ಒಂದು ಮಾತೂ ಆಡಿಲ್ಲ.

ಒಂದು ಮಾತೂ ಆಡಿಲ್ಲ, ನಿಜ, ಮಾತು ಬಿಟ್ಟಿದ್ದಳು, ಹಟ ಅಂದರೆ ಹಟ, ಅದೂ ಒಂದು ಕೋಟಿನ ಸಲುವಾಗಿ, ತೀರಿಹೋದ ಯಜಮಾನರ ಕೋಟು, ಹುಡುಗಿ ಕತ್ತರಿಸಿಬಿಟ್ಟಿದ್ದಳು, ಅತ್ತೆ, ನಿಮ್ಮ ಬೆನ್ನಿಗೆ ದಿಂಬು ಹೊಲ್ದೆ, ನೋಡಿ ಎಷ್ಟು ಮೆತ್ತಗಿದೆ. ಅಂದಿನಿಂದ ಹೇಳುವುದೆಲ್ಲ ಗೋಡೆಗೆ, ಬಕೆಟ್ಟಿಗೆ, ನೀರು ಕಾಯಿಸೋಕೆ ಈ ಮನೇಲಿ ಯಾರೂ ಇಲ್ವಾ. ಬಕೆಟ್ಟಿನ ಮಾತು ಸರ್ಕಾರದ ವಕೀಲರೂ ಎತ್ತಿದರು, ಬಕೆಟ್ಟಿಗೆ ಹೇಳಿದ್ದು ಸೊಸೆಗೆ ಪ್ರಚೋದನೆ ಹೇಗಾಗುತ್ತೆ ಸ್ವಾಮಿ, ಅಂದರು ನಮ್ಮ ವಕೀಲರು, ಎಲ್ಲರೂ ನಕ್ಕರು, ಬೀಗಿತ್ತಿ ನಗಲಿಲ್ಲ. ಮಗ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬಾರದವನು, ಮನೆಯಲ್ಲಿ ಬೇರೆ ದನಿಯೇ ಇಲ್ಲ, ಮಾತು ಬೆಳ್ಳಿ ಮೌನ ಬಂಗಾರ ಅನ್ನುತ್ತಿದ್ದರು ಯಜಮಾನರು, ಬಂಗಾರ ಅಂತೆ, ಸುಡುಗಾಡು. ಅತ್ತೆ ಊಟಕ್ಕೆ ಬನ್ನಿ, ಅತ್ತೆ ನಂದು ತಪ್ಪಾಯ್ತು, ಒಂದ್ಸಲ ಬೈದಾದ್ರೂ ಬಿಡಿ ಅತ್ತೆ, ಅಂತ ಹಿಂದೆ ಹಿಂದೆ ಬಂದಳು, ಆಮೇಲೆ ಅವಳೂ ಸುಮ್ಮನಾದಳು, ಊಟ ಬಡಿಸಿ ಮೇಲೊಂದು ತಟ್ಟೆ ಮುಚ್ಚಿಟ್ಟು ಒಳಗೆ ಹೋಗುವುದು, ಅಷ್ಟೇ. ಆ ದಿನವೂ ಮುಚ್ಚಿತ್ತು. ಕೋಣೆಯ ಬಾಗಿಲು ಹಾಕಿತ್ತು, ಕೂಗಬಹುದಿತ್ತು, ಕೂಗಲಿಲ್ಲ, ಮೊದಲು ಅವಳೇ ಮಾತಾಡಲಿ, ನಾನ್ಯಾಕೆ ಸೋಲಲಿ, ಕೂತು ಉಂಡಳು, ಕೈ ತೊಳೆದಳು, ಒಂದು ಗಳಿಗೆ ಅಡ್ಡಾದಳು, ಸಂಜೆ ಆದ ಮೇಲೆ ತಾನೇ ಬಾಗಿಲು ತಟ್ಟಿದ್ದು —

ಮೇಲ್ಮನವಿ ವಜಾ, ಖುಲಾಸೆ ಖಾಯಂ, ಎಂದರು ನ್ಯಾಯಾಧೀಶರು, ನೀರು ಕುಡಿದು ಲೋಟ ಮುಚ್ಚಿದರು. ಅಮ್ಮಾ ಗೆದ್ವಿ, ಏಳು, ಮಗ ತೋಳು ಹಿಡಿದ, ಬೀಗಿತ್ತಿ ಹಾದುಹೋಗುತ್ತ ನಿಂತಳು, ಅಳಲಿಲ್ಲ, ಒಂದು ಮಾತು ಆಡಬಾರ್ದಿತ್ತಾ ಅಕ್ಕಾ, ಅಂದಳು, ಹೋದಳು. ಮುದುಕಿ ಬೆಂಚಿನ ಅಂಚು ಹಿಡಿದಳು. ಎರಡು ಕೋರ್ಟು ಆಯಿತು, ಇಷ್ಟೊಂದು ಕೇಳಿದರು, ಆ ಊಟ ಆರಿತ್ತಾ ಅಂತ ಮಾತ್ರ ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳಿಬಿಡುತ್ತಿದ್ದಳೇನೋ, ಅಮ್ಮಾ ಏಳು, ಏಳುತ್ತೇನಪ್ಪಾ, ಆ ದಿನ ಮೇಲಿನ ತಟ್ಟೆ ಎತ್ತಿದಳಲ್ಲ, ಅದರ ಒಳಮೈಗೆಲ್ಲ ಹಬೆಯ ಹನಿ, ಒಂದೆರಡು ಕೈ ಮೇಲೆ ಬಿದ್ದವು, ಬಿಸಿಯಾಗಿದ್ದವು, ಆಗತಾನೇ ಬಡಿಸಿ ಒಳಗೆ ಹೋಗಿದ್ದಳು ಹುಡುಗಿ, ಇನ್ನೂ ಬಿಸಿ