ಜೋಪಾನ ಮಾಡಿ

ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಆಕೆಯನ್ನು ಬೀದಿಯವರೆಲ್ಲ ಕರಡಕ್ಕ ಎಂದೇ ಕರೆಯುತ್ತಿದ್ದರು. ಗಂಡ ಮಾತ್ರ, ತಾವು ಬರೆದದ್ದರಲ್ಲಿ ಆಕೆ ತಪ್ಪು ಹುಡುಕಿದಾಗಲೆಲ್ಲ, "ಬಂತಪ್ಪ ಕರಡಿ" ಎಂದು ನಗುತ್ತಿದ್ದರು. ಅವರು ಗ್ರಂಥಪಾಲಕರಾಗಿದ್ದವರು. ನಿವೃತ್ತಿಯ ಮೇಲೆ ಹಿಡಿದ ಕೆಲಸ ಒಂದೇ. ಹತ್ತಾರು ಜನ ಸೇರಿ ಗ್ರಂಥಾಲಯಗಳಿಗೆಂದು ಒಂದು ತಂತ್ರಾಂಶ ಕಟ್ಟಿದ್ದರು. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದಕ್ಕೆ ಅವರು ಕೈಪಿಡಿ ಬರೆದರು. ಹನ್ನೆರಡು ಅಧ್ಯಾಯ. ಸಂಬಳವಿಲ್ಲ, ಸನ್ಮಾನವಿಲ್ಲ, ಮೊದಲ ಪುಟದಲ್ಲಿ ಒಂದು ಹೆಸರು, ಅಷ್ಟೇ.

ಆ ಹೆಸರು ಈಗ ಅಲ್ಲಿರಲಿಲ್ಲ.

ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಬೆಳಗಿನ ಪ್ರಾರ್ಥನೆ ಮುಗಿಸಿ, ಕೈಪಿಡಿಯ ಒಂದು ಪುಟ ತೆರೆದು ತಿದ್ದುವುದು ಕರಡಕ್ಕನ ನಿತ್ಯದ ಪಾಠ; ಕೊನೆಯ ಅಧ್ಯಾಯಕ್ಕೆ ಇನ್ನೂ ಬಂದಿರಲಿಲ್ಲ. ಆ ದಿನ ಹೆಸರಿನ ಜಾಗ ಖಾಲಿ ಕಂಡು, ತಂತ್ರಾಂಶ ಕಟ್ಟುವ, ಬಳಸುವ ಬಳಗದವರು ಒಬ್ಬರಿಗೊಬ್ಬರು ಬರೆದುಕೊಳ್ಳುವ ಪತ್ರಗಳನ್ನು ತೆರೆದಳು. ಶಾಲೆಯೊಂದರ ಗ್ರಂಥಪಾಲಕಿ ಬರೆದಿದ್ದರು: "ಹನ್ನೆರಡನೆಯ ಅಧ್ಯಾಯದಲ್ಲಿ ಹೇಳಿದಂತೆ 'ಅಳಿಸು' ಒತ್ತಿದೆ. ಖಚಿತವೇ ಎಂದು ಕೇಳಿತು. ಕೈಪಿಡಿಯನ್ನು ನಂಬಿ ಹೂಂ ಅಂದೆ. ಒಂದು ವರ್ಷ ಕೂತು ತುಂಬಿಸಿದ ಪುಸ್ತಕಗಳ ಪಟ್ಟಿ ಪೂರಾ ಹೋಯಿತು." ಅಲ್ಲಿ 'ಉಳಿಸು' ಎಂದಿರಬೇಕಿತ್ತು.

ಕೆಳಗೆ ಕೈಪಿಡಿಯ ಉಸ್ತುವಾರಿಯ ಉತ್ತರವಿತ್ತು. ಉಸ್ತುವಾರಿ ಬೇರೆ ಯಾರೂ ಅಲ್ಲ, ಆಕೆಯ ಮೈದುನ. ಆಕೆ ಮದುವೆಯಾಗಿ ಬಂದಾಗ ಆರು ವರ್ಷದವನು. ತಲೆ ಬಾಚಿ ಶಾಲೆಗೆ ಕಳಿಸಿದವಳು ಆಕೆಯೇ. "ಅದು ನಮ್ಮ ಅಣ್ಣನ ಅಧ್ಯಾಯ. ಕೊನೆಕೊನೆಗೆ ಅವರಿಗೆ ತಾವೇನು ಬರೆಯುತ್ತಿದ್ದೇವೆಂಬ ಅರಿವೂ ಇರುತ್ತಿರಲಿಲ್ಲ. ಕ್ಷಮಿಸಿ. ಅವರ ಹೆಸರನ್ನು ತೆಗೆದಿದ್ದೇನೆ."

ಕರಡಕ್ಕನಿಗೆ ಆ ಅಧ್ಯಾಯ ಚೆನ್ನಾಗಿ ನೆನಪಿತ್ತು. ಗಂಡ ಅದರಲ್ಲಿ 'ಉಳಿಸು', 'ಅಳಿಸು' ಎರಡನ್ನೂ ಬಳಸಿದವರೇ ಅಲ್ಲ. 'ಹಸಿರು ಗುಂಡಿ ಒತ್ತಿ, ಪಟ್ಟಿಯನ್ನು ಜೋಪಾನ ಮಾಡಿ' ಎಂದು ಬರೆದಿದ್ದರು. ಅದಕ್ಕೇ ಇಬ್ಬರಿಗೂ ಜಗಳವಾಗಿತ್ತು.

"ಎಲ್ಲರೂ ಉಳಿಸು ಅಂತಾರೆ, ನಿಮ್ಮದೇನು ಜೋಪಾನ? ಅಜ್ಜಿ ಮೊಮ್ಮಗನಿಗೆ ಹೇಳಿದ ಹಾಗೆ!"

"ಲೇ ಕರಡಿ, ಉಳಿಸು ಅಳಿಸು ಅವಳಿಜವಳಿ ಇದ್ದ ಹಾಗೆ. ಕಣ್ಣು ಒಂದು ಸಲ ಜಾರಿದ್ರೆ ಮುಗೀತು. ಜೋಪಾನ ಅಂದ್ರೆ ಯಾರೂ ಎಡವಲ್ಲ."

ಅಂದು ಆಕೆ ಸೋತು ಪೆನ್ನು ಮುಚ್ಚಿದ್ದಳು.

ಆ ಕೈಪಿಡಿಯಲ್ಲಿ ಯಾವ ಪದವನ್ನು ಯಾರು ಯಾವಾಗ ಬದಲಿಸಿದರೆಂಬುದು ದಾಖಲಾಗಿರುತ್ತದೆ. ತೆಗೆದು ನೋಡಿದಳು. 'ಹಸಿರು ಗುಂಡಿ', 'ಜೋಪಾನ' ಎರಡೂ ಹೋಗಿ 'ಅಳಿಸು' ಬಂದದ್ದು ಗಂಡನ ಹೆಸರಿನಲ್ಲೇ. ದಿನಾಂಕ ಓದಿದಳು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ಅಂದಿಗೆ ಅವರು ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ನಾಲ್ಕು ದಿನವಾಗಿತ್ತು. ಹೊರಗಿನ ಬೆಂಚಿನಲ್ಲಿ ಮೈದುನ ಅಣ್ಣನ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ಪಾಸ್‌ವರ್ಡ್ ಹೇಳಿ ಅತ್ತಿಗೆ. ಕೊನೇ ಅಧ್ಯಾಯ ಅಣ್ಣನ ಹೆಸರಲ್ಲೇ ಮುಗೀಲಿ." ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ಹರಸಿ, ಆಕೆ ಅವನ ಕಿವಿಯಲ್ಲಿ ಹೇಳಿದ್ದಳು. ಪಾಸ್‌ವರ್ಡ್ 'ಕರಡಿ'.

ಮೈದುನನನ್ನು ಕರೆಸಿದಳು. ಸಂಜೆ ಬಂದವನು ಕುರ್ಚಿಯ ತುದಿಯಲ್ಲಿ ಕೂತ.

"ತಪ್ಪು ನಿನ್ನದು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಎಲ್ಲ ಕಡೆ 'ಉಳಿಸು' ಒಂದೇ ಪದ ಇರಲಿ ಅಂತ ಬದಲಾಯಿಸ್ತಾ ಹೋದೆ. ಕೈ ಜಾರಿತು."

"ಕೈ ಜಾರಿದ್ದಕ್ಕೆ ಬೇಜಾರಿಲ್ಲಪ್ಪ. ಅವರಿಗೆ ಅರಿವೇ ಇರಲಿಲ್ಲ ಅಂತ ಬರೆದೆಯಲ್ಲ, ಅದೂ ಕೈ ಜಾರಿದ್ದಾ?"

"ಅಣ್ಣ ಹೋಗಿಬಿಟ್ಟಿದಾರೆ, ಅವರನ್ನ ಯಾರೂ ಏನೂ ಅನ್ನಲ್ಲ. ನಾನು ನಾಳೆ ಆ ಜನರಿಗೆ ಮುಖ ತೋರಿಸಬೇಕು ಅತ್ತಿಗೆ."

ಅವನು ಹೋದ ಮೇಲೆ ಆಕೆ ಪದವನ್ನು ತಿದ್ದಿದಳು. ಕಾರಣ ಬರೆಯುವ ಜಾಗದಲ್ಲಿ ಬರೆದಳು: "ಈ ಪದ ಬದಲಾದ ದಿನ ಲೇಖಕರು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ತಪ್ಪು ಅವರದಲ್ಲ. ಅವರ ಹೆಸರನ್ನು ಮರಳಿ ಹಾಕಬೇಕು." ಉಸ್ತುವಾರಿಯ ಒಪ್ಪಿಗೆಯಿಲ್ಲದೆ ಯಾವ ತಿದ್ದುಪಡಿಯೂ ಕೈಪಿಡಿಗೆ ಸೇರದು. ಅವನ ಕೈಗೇ ಒಪ್ಪಿಸಿ, ದೇವರ ಮುಂದೆ ಕೂತು, ಅವನಿಗೆ ಒಳ್ಳೆಯ ಬುದ್ಧಿ ಕೊಡೆಂದು ಬೇಡಿಕೊಂಡಳು.

ಬೆಳಿಗ್ಗೆ ತೆರೆದರೆ 'ಜೋಪಾನ' ಮರಳಿತ್ತು. ಕಾರಣದ ಜಾಗದಲ್ಲಿ ಎರಡೇ ಪದ: "ಅಕ್ಷರದೋಷ ತಿದ್ದಿದೆ." ಮೊದಲ ಪುಟದಲ್ಲಿ ಹೆಸರಿರಲಿಲ್ಲ.

ಫೋನ್ ಬಂತು. "ನೋಡಿದ್ರಾ ಅತ್ತಿಗೆ? ಒಪ್ಪಿಗೆ ಕೊಟ್ಟಿದೀನಿ."

"ನಾನು ಬರೆದ ಸಾಲು?"

"ಸ್ವಲ್ಪ ಚಿಕ್ಕದು ಮಾಡಿದೆ. ಮನೆ ಮಾತು ಹೊರಗೆ ಯಾಕೆ, ಅಲ್ವಾ?"

"ಆಯ್ತಪ್ಪ" ಎಂದು ಫೋನ್ ಇಟ್ಟಳು.

ಬಳಗದವರಿಗೆಲ್ಲ ನೇರವಾಗಿ ಹೋಗುವ ಪತ್ರವನ್ನು ಯಾರೂ ಚಿಕ್ಕದು ಮಾಡಲಾರರು. ಆಕೆ ಬರೆಯಲು ಕೂತಳು. ನಡೆದದ್ದನ್ನು ನಡೆದಂತೆ, ದಿನಾಂಕ ಸಮೇತ ಬರೆದಳು. ಅಭ್ಯಾಸದಂತೆ ಎರಡು ಸಲ ಓದಿದಳು. ಅಕ್ಷರದೋಷ ಒಂದೂ ಇರಲಿಲ್ಲ. ಮೊದಲ ಸಾಲಿನ 'ನನ್ನ ಮೈದುನ' ಎಂಬಲ್ಲಿ ಮಾತ್ರ ಬಹಳ ಹೊತ್ತು ನಿಂತಳು. ಕೊನೆಗೆ ಅದನ್ನು ಅಳಿಸಿ, 'ಕೈಪಿಡಿಯ ಉಸ್ತುವಾರಿ' ಎಂದು ತಿದ್ದಿ, ಪತ್ರ ಕಳಿಸಿದಳು.