ದೊಡ್ಡಿಯ ಬಾಗಿಲಿನ ‘ಹಿ’

ನಮ್ಮ ಮನೆಯವರಿಗೆ ಬಲಗಾಲು ಸ್ವಾಧೀನ ತಪ್ಪಿದ ಮೇಲೆ ಎರಡು ವರ್ಷ ಪಂಚಾಯ್ತಿಯ ದನದ ದೊಡ್ಡಿ ನೋಡಿಕೊಂಡವಳು ನಾನೇ. ಗದ್ದೆಗೆ ನುಗ್ಗಿದ ದನವನ್ನು ಗದ್ದೆಯವರು ಹೊಡೆದುಕೊಂಡು ಬಂದರೆ ಒಳಗೆ ಕೂಡುವುದು, ಹುಲ್ಲು ನೀರು ಕೊಡುವುದು, ದನದವರು ದಂಡ ಕಟ್ಟಿದ ಮೇಲೆ ಬಿಡುವುದು. ಹಾಯುವ ಕೋಣದಿಂದ ಎಷ್ಟು ದೂರ ನಿಲ್ಲಬೇಕು, ಕೂಗಾಡುವ ಯಜಮಾನನಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನೂ ಕಲಿತಿದ್ದೆ. ಪಂಚಾಯ್ತಿ ಪುಸ್ತಕದಲ್ಲಿ ಹೆಸರು ಮಾತ್ರ ನಮ್ಮ ಮನೆಯವರದೇ ಇತ್ತು.

ಐವತ್ತೆಂಟನೇ ಇಸವಿಯ ಮಳೆಗಾಲ ಮುಗಿಯುವಾಗ ಪಂಚಾಯ್ತಿ ಸೆಕ್ರೆಟರಿ ಪಂಚಾಕ್ಷರಪ್ಪನವರು ಬಂದು, ಏಳಲಾಗದವರ ಹೆಸರು ಇನ್ನು ಇಡುವ ಹಾಗಿಲ್ಲ, ಬೇರೆಯವರನ್ನು ನೇಮಿಸಬೇಕು ಎಂದರು.

“ನನ್ನ ಹೆಸರು ಬರ್ಕೊಳ್ಳಿ,” ಎಂದೆ.

ಅವರು ನಕ್ಕು ಒಂದು ಕಾಗದ ತೆಗೆದು ಬೆರಳಿಟ್ಟರು. “ಇಂಗ್ಲಿಷ್ ರೂಲು ಅಕ್ಕನಾಗಮ್ಮ. ಇಲ್ನೋಡು, ‘ಹಿ’. ಹಿ ಅಂದ್ರೆ ಅವನು. ದೊಡ್ಡಿ ಕಾಯೋ ಅವನು. ಅವಳು ಅಂತ ಎಲ್ಲೂ ಇಲ್ಲ.”

“ಎರಡು ವರ್ಷ ಸಗಣಿ ಬಾಚಿದ್ದು ಯಾರ್ರೀ, ಅವನಾ?”

“ಸಗಣಿಗೆ ರೂಲಿಲ್ಲ. ನೇಮಕಕ್ಕೆ ಇದೆ. ಹದಿನೈದು ದಿನದಲ್ಲಿ ಕೋಣೆ ಖಾಲಿ ಮಾಡ್ರಿ.”

ದೊಡ್ಡಿಯ ಪಕ್ಕದ ಆ ಕೋಣೆಯೇ ನಮ್ಮ ಮನೆ. ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುತ್ತದೆ. ಸೆಕ್ರೆಟರಿಯ ಭಾವಮೈದುನ ಒಬ್ಬ ಕೆಲಸವಿಲ್ಲದೆ ತಿರುಗುತ್ತಿದ್ದುದು ನನಗೂ ಗೊತ್ತಿತ್ತು. ನನಗೆ ಇಂಗ್ಲಿಷ್ ಬಾರದು. ಆದರೆ ಅವರು ಬೆರಳಿಟ್ಟ ಜಾಗ ನೋಡಿಕೊಂಡಿದ್ದೆ. ಕುರ್ಚಿಯಂಥ ಒಂದು ಅಕ್ಷರ, ಅದಕ್ಕೆ ಆತುಕೊಂಡು ಬಾಯಿ ತೆರೆದ ಸುರುಳಿ ಇನ್ನೊಂದು. ಅವರು ಹೋದ ಮೇಲೆ ದೊಡ್ಡಿಯ ಬಾಗಿಲಿನ ನೋಟೀಸು ನೋಡಿದೆ. ಅಲ್ಲೂ ಅದೇ ಜೋಡಿ, ಆರು ಕಡೆ.

ಮರುದಿನ ದೊಡ್ಡಿಯಲ್ಲಿ ದನವಿರಲಿಲ್ಲ. ಮೊಳೆ ಕಿತ್ತು, ನೋಟೀಸನ್ನು ಹಲಗೆಯ ಸಮೇತ ಹಳೆ ಪಂಚೆಯಲ್ಲಿ ಸುತ್ತಿ ಶಿಕಾರಿಪುರದ ಬಸ್ಸು ಹತ್ತಿದೆ. ಅಲ್ಲಿ ಕೋರ್ಟಿನ ಮುಂದೆ ಮುನೀರ್ ಅಹ್ಮದ್ ಎಂಬವನು ಟೈಪು ಮಾಡುತ್ತಿದ್ದ. ಅವನ ತಂದೆ ನಮ್ಮೂರ ಸಂತೆಗೆ ಬರುತ್ತಿದ್ದವರು.

“ಏನಕ್ಕಾ, ಬಾಗಿಲನ್ನೇ ಕಿತ್ಕೊಂಡು ಬಂದ್ಯಾ?”

“ಓದಪ್ಪ. ಈ ‘ಹಿ’ ಯಾರು?”

ಓದಿದ. ದನದ ಒಡೆಯ ಬಂದರೆ ಅವನು ದಂಡ ಕಟ್ಟಬೇಕು, ಕಟ್ಟದಿದ್ದರೆ ಅವನ ದನ ಹರಾಜಾಗುತ್ತದೆ ಎಂದು ಬರೆದಿತ್ತು.

“ಗಂಡಸಿಗೂ ಹೆಂಗಸಿಗೂ ಒಂದೇ ಮಾತು ಇಂಗ್ಲಿಷಿನಲ್ಲಿ ಇಲ್ವೇನೋ? ನಾವು ‘ಅವರು’ ಅಂದ್ರೆ ಮುಗೀತು.”

“ದನಕ್ಕೆ, ಕಲ್ಲಿಗೆ ‘ಇಟ್’ ಇದೆ. ಒಬ್ಬ ಮನುಷ್ಯರಿಗೆ ಅವನು, ಇಲ್ಲಾ ಅವಳು. ಯಾರೂಂತ ಗೊತ್ತಿಲ್ದಿದ್ರೆ ‘ಹಿ’ ಅಂತ ಬರೆದುಬಿಡೋದು. ಬಾಯಲ್ಲಿ ಆಡುವಾಗ ಆ ಜನಾನೂ ಒಬ್ರಿಗೇ ‘ದೇ’ ಅಂತಾರಂತೆ, ನಮ್ಮ ಅವರು ಇದ್ದ ಹಾಗೆ. ಕಾಗದದಲ್ಲಿ ಬರೆದ್ರೆ ಮೇಷ್ಟ್ರು ಬೆತ್ತ ಹಿಡೀತಾರೆ.”

ಹಲಗೆ ತಂದು ಅದೇ ಮೊಳೆ ಹೊಡೆದು, ದನ ಬರಲೆಂದು ಕಾದೆ.

ಮೂರನೇ ದಿನ ನಮ್ಮೂರ ಗುತ್ಯಮ್ಮನ ಎಮ್ಮೆ ದೊಡ್ಡಿಗೆ ಬಂತು. ಅದು ಅವಳಿಗೆ ತವರಿನಿಂದ ಬಳುವಳಿ ಬಂದ ಎಮ್ಮೆಯ ಕರು. ನಮ್ಮ ಕಡೆ ಬಳುವಳಿಯ ದನ ಹೆಣ್ಣಿನದೇ, ಅದರ ಕರುವೂ ಅವಳದೇ. ಗಂಡ ಮಾರಬೇಕಾದರೂ ಅವಳನ್ನು ಕೇಳಬೇಕು. ಇದರಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ.

“ನಾನಾಗಿ ಎಮ್ಮೆ ಬಿಡೋಕಾಗಲ್ಲ ಗುತ್ಯಮ್ಮ,” ಎಂದೆ. “ಆದ್ರೆ ದಂಡ ಕಟ್ಟಬೇಕಾದೋನು ‘ಹಿ’ ಅಂತೆ. ನೀನು ಹಿ ಹೌದೋ ಅಲ್ವೋ, ಸೆಕ್ರೆಟರಿಯವರನ್ನ ಕೇಳು.”

ಗುತ್ಯಮ್ಮನ ಬಾಯಿ ಊರಿಗೇ ಗೊತ್ತು. ಪಂಚಾಯ್ತಿ ಕಟ್ಟೆಯ ಮೇಲೆ ನಿಂತು, “ನಾನು ಅವನೇನ್ರೀ? ಸರಿಯಾಗಿ ನೋಡಿ ಹೇಳ್ರೀ!” ಎಂದು ಕೂಗಿದಳು. ಜನ ಸೇರಿತು. ಪಂಚಾಕ್ಷರಪ್ಪನವರು ಬೆವರೊರೆಸಿಕೊಂಡು, ದಂಡವಿಲ್ಲದೆ ಬಿಡುಗಡೆ ಚೀಟಿ ಬರೆದುಕೊಟ್ಟರು.

ಮರುದಿನ ಅದೇ ಮಾತು ಹಿಡಿದು ಪಕ್ಕದ ಕೇರಿಯ ಹಾಲಮ್ಮ ಬಂದಳು. ಆಮೇಲೆ ಗಂಡಸರು. ಒಂದೇ ವಾರದಲ್ಲಿ ಊರಿನ ಅರ್ಧ ದನ ಬಳುವಳಿಯವಾದವು. “ನನ್ನ ಹೋರಿನೂ ನಮ್ಮನೆಯವಳ ಬಳುವಳಿ ಕಣ್ರೀ,” ಎಂದು ಸದಾಶಿವಪ್ಪ ಆಣೆ ಮಾಡಿದ. ಮದುವೆಯಾಗಿ ಮೂವತ್ತು ವರ್ಷ, ಹೋರಿಗೆ ಇನ್ನೂ ನಾಲ್ಕೇ ಹಲ್ಲು, ಮೂರು ವರ್ಷದ್ದಿರಬೇಕು. ದಂಡದ ಹೆದರಿಕೆ ಹೋದ ಮೇಲೆ ದನ ಕಾಯುವವರು ಯಾರು? ಹಾಲುಗಾಳು ಕಟ್ಟಿದ ಬತ್ತಕ್ಕೆ ಹಗಲಲ್ಲೇ ಬಾಯಿ ಹಾಕಿದವು. ಪಂಚಾಯ್ತಿ ಛೇರ್ಮನ್ ಪರಮಶಿವಪ್ಪನವರ ಗದ್ದೆಯೂ ಉಳಿಯಲಿಲ್ಲ.

ಅವರು ನೇರ ದೊಡ್ಡಿಗೇ ಬಂದರು. “ಏನವ್ವ ಇದು, ಊರನ್ನೇ ಮೇಯಿಸ್ತಿದ್ದೀಯಲ್ಲ!”

“ಮೇಯಿಸ್ತಿರೋದು ನಾನಲ್ಲ ಗೌಡ್ರೇ. ಕೆಲಸ ಕೊಡುವಾಗ ‘ಹಿ’ ಅಂದ್ರೆ ಗಂಡಸು ಅಂದಿದ್ದು ಸೆಕ್ರೆಟರಿಯವರು. ದಂಡ ತಗೊಳ್ಳುವಾಗ ಬೇರೆ ಅರ್ಥ ಇದ್ರೆ ಹೇಳಲಿ. ಊರಿನ ಬೆಳೆ ಹಾಳಾಗೋದು ನನಗೂ ಸಂಕಟವೇ. ಆದ್ರೆ ಈ ಕೋಣೆ ಬಿಟ್ಟು ನಾನೂ ಏಳಲ್ಲ.”

ಮಾರನೆಯ ದಿನ ಛೇರ್ಮನ್ನರು ‘ಹಿ’ಯ ಅರ್ಥ ಕೇಳಿ ಬರಲು ಪಂಚಾಕ್ಷರಪ್ಪನವರನ್ನು ಸೊರಬದ ತಾಲ್ಲೂಕು ಕಚೇರಿಗೆ ಅಟ್ಟಿದರು. ಸಂಜೆ ಬಸ್ಸಿಳಿದು ದೊಡ್ಡಿಯ ಹತ್ತಿರ ಬಂದಾಗ ಅವರ ಮುಖ ಸಣ್ಣಗಾಗಿತ್ತು.

“ಏನಂದ್ರು?” ಅಲ್ಲೇ ಕಾದಿದ್ದ ಛೇರ್ಮನ್ ಕೇಳಿದರು.

“ಕಾಯಿದೆ ಲೆಕ್ಕದಲ್ಲಿ ‘ಹಿ’ ಅಂದ್ರೆ ಹೆಂಗಸರೂ ಸೇರ್ತಾರಂತೆ.”

“ದಂಡಕ್ಕೋ, ಕೆಲಸಕ್ಕೋ?” ಎಂದೆ ನಾನು.

ಅವರು ಚಪ್ಪಲಿ ನೋಡಿಕೊಂಡರು. “ಎರಡಕ್ಕೂ.”

“ಹಂಗಾದ್ರೆ ಬರೀರಿ. ಇಂಗ್ಲಿಷ್ ಬೇಡ, ಕನ್ನಡದಲ್ಲಿ. ದೊಡ್ಡಿ ಕಾಯುವವರು ಅಕ್ಕನಾಗಮ್ಮನವರು ಅಂತ.”

ಛೇರ್ಮನ್ ಅಲ್ಲೇ ನಿಂತು ಬರೆಸಿ ರುಜು ಹಾಕಿದರು. ಒಳಗಿನಿಂದ ನಮ್ಮ ಮನೆಯವರು, “ನಾನಿನ್ನು ಯಾರ ಕೈ ಕೆಳಗೆ?” ಎಂದರು. “ನನ್ನ ಕೈ ಕೆಳಗೆ,” ಎಂದೆ. “ಇಷ್ಟು ದಿನ ನಾನು ಮತ್ತೆಲ್ಲಿದ್ದೆ?” ಎಂದು ನಕ್ಕರು.

ಎರಡು ದಿನ ಕಳೆದಿರಲಿಲ್ಲ, ಗುತ್ಯಮ್ಮನ ಎಮ್ಮೆ ಮತ್ತೆ ಬಂತು. ಹಿಂದೆಯೇ ಗುತ್ಯಮ್ಮ.

“ಬಿಡೇ, ನಾನಲ್ವಾ!”

“ದಂಡ ಕಟ್ಟು.”

“ಆಹಾ! ನನ್ನ ಬಾಯಿಂದ ಕೆಲಸ ದಕ್ಕಿಸ್ಕೊಂಡು ನನಗೇ ದಂಡ ಹಾಕ್ತೀಯಾ?”

ಅವಳು ಹೇಳಿದ್ದು ನಿಜ. ಆದರೆ ಇವಳೊಬ್ಬಳಿಗೆ ಬಿಟ್ಟರೆ ನಾಳೆ ಸದಾಶಿವಪ್ಪ ಅದೇ ಬಾಗಿಲಲ್ಲಿ ನಿಲ್ಲುತ್ತಾನೆ. ಹೆಂಗಸಿನ ಕೈಗೆ ದೊಡ್ಡಿ ಕೊಟ್ಟರೆ ಹೀಗೇ ಎನ್ನಲು ಪಂಚಾಕ್ಷರಪ್ಪನವರು ಕಾದು ಕೂತಿದ್ದಾರೆ.

“ಮಜ್ಜಿಗೆ ಕುಡಿ, ಬೇಕಾದಷ್ಟು ಬೈ,” ಎಂದೆ. “ಎಮ್ಮೆ ಮಾತ್ರ ದಂಡ ಕಟ್ಟಿದ ಮೇಲೇ.”

ಬೈದಳು. ಮಜ್ಜಿಗೆ ಕುಡಿದು ಮತ್ತೆ ಬೈದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ನಾನು ಅಗಳಿ ತೆಗೆದೆ.