ನಾನೂರ ಹನ್ನೆರಡನೇ ಹಾಳೆ

ಪುಷ್ಪಚಕ್ರ ಬಾಗಿಲಲ್ಲಿ ತೂರಲಿಲ್ಲ. ಹೊತ್ತು ತಂದ ಇಬ್ಬರು ಅದನ್ನು ಓರೆ ಮಾಡಿ, ಮೇಲೆತ್ತಿ, ಕೊನೆಗೆ ನಾಲ್ಕು ಹೂ ಮುರಿದು ಒಳಗೆ ನುಗ್ಗಿಸಿ, ಎದೆಲ್ಮಿರಾಳ ಶವಪೆಟ್ಟಿಗೆಯ ಕಾಲಬಳಿ ನಿಲ್ಲಿಸಿದರು. ನೇರಳೆ ಪಟ್ಟಿಯ ಮೇಲೆ ಬಂಗಾರದ ಅಕ್ಷರ: ‘ಕೃತಜ್ಞತೆಯಿಂದ, ಒಬ್ದುಲಿಯೊ ಮೊಂತೂಫಾರ್.’

ಕಾಫಿ ಲೋಟ ಹಿಡಿದು ಕೂತಿದ್ದವರೆಲ್ಲ ಕತ್ತು ಚಾಚಿ ಓದಿದರು.

“ಮಂತ್ರಿಗಳು ಕಳಿಸಿದ್ದಾ?” ಪಕ್ಕದ ಮನೆಯ ದೋಞಾ ತೊಮಾಸಾ ಬಾಯಿಬಿಟ್ಟಳು. “ನಿಮ್ಮಮ್ಮಂಗೆ ಮಂತ್ರಿ ಯಾಕಮ್ಮ ಕೃತಜ್ಞ?”

“ಹಾಗಂತ ನೀವೆಲ್ಲ ಕೇಳ್ಲಿ ಅಂತಾನೇ ಕಳ್ಸಿರೋದು,” ಅಂದಳು ಮಗಳು ನೊಹೆಮಿ. “ಹೊರಗೆ ಹಾಕಿ ಅದನ್ನ.”

“ಸತ್ತೋರಿಗೆ ಬಂದ ಹೂ ಬಿಸಾಡಬಾರದು ಮಗಳೇ, ಒಳ್ಳೇದಲ್ಲ,” ಅಂದಳು ತೊಮಾಸಾ.

“ದುಡ್ಡು ತಿಂದಿಲ್ಲ, ತಿಂದಿಲ್ಲ ಅಂತಿದ್ರಲ್ಲ,” ಮೂಲೆಯಿಂದ ಯಾರೋ ಪಿಸುಗುಟ್ಟಿದರು. “ಈಗ ರಸೀದಿ ಬಂತು ನೋಡು.”

ನೊಹೆಮಿಗೆ ಕೇಳಿಸಿತು. ಹನ್ನೊಂದು ವರ್ಷದಿಂದ ಅವಳು ಒಂದೇ ಒಂದು ಮಾತಿಗೆ ಕಾಯುತ್ತಿದ್ದಳು. ಅದನ್ನು ಹೇಳಬಲ್ಲವರು ಒಬ್ಬರೇ, ಮೆಕ್ಸಿಕೋದಲ್ಲಿದ್ದರು. ಬೆಳಿಗ್ಗೆಯೇ ಸುದ್ದಿ ಕಳಿಸಿದ್ದಳು. ಇವತ್ತಾದರೂ ಹೇಳಿಯಾರು.

*

ಎದೆಲ್ಮಿರಾ ಕೋರ್ಟಿನಲ್ಲಿ ಕಡತ ಹೊಲಿಯುತ್ತಿದ್ದಳು. ಮೂವತ್ತೊಂದು ವರ್ಷ ಅದೇ ಕೆಲಸ. ಪ್ರತಿ ಹಾಳೆಗೂ ಕೈಯಾರೆ ಸಂಖ್ಯೆ ಹಾಕಿ, ತೂತು ಕೊರೆದು, ದಪ್ಪ ಸೂಜಿಯಲ್ಲಿ ಮೇಣದ ದಾರ ಪೋಣಿಸಿ ಮೂರು ಗಂಟು ಹಾಕುವುದು. “ಇವಳು ಹೊಲಿದರೆ ಬೇಕಾದರೆ ನ್ಯಾಯ ಕಳಚಿಬೀಳುತ್ತೆ, ಹಾಳೆ ಬೀಳಲ್ಲ,” ಎಂದು ಗುಮಾಸ್ತರು ನಗುತ್ತಿದ್ದರು.

ರಸ್ತೆ ಕಾಮಗಾರಿಯ ದುಡ್ಡನ್ನು ಮೊಂತೂಫಾರ್ ನುಂಗಿದ ಮೊಕದ್ದಮೆ ಬಂದಾಗ ಅವನು ವಿರೋಧ ಪಕ್ಷದಲ್ಲಿದ್ದ. ಹಾಗಾಗಿ ಸರ್ಕಾರಕ್ಕೆ ನ್ಯಾಯದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ನ್ಯಾಯಾಧೀಶೆ ಗ್ರಿಸೆಲ್ದಾ ಪಾಸ್ ಹೋದಲ್ಲೆಲ್ಲ ಚಪ್ಪಾಳೆ.

ಒಂದು ದಿನ ಅವರೇ ಎದೆಲ್ಮಿರಾಳ ಮೇಜಿನ ಬಳಿ ಬಂದರು. “ನಾನೂರ ಹನ್ನೆರಡು ಬಿಚ್ಚಿಕೊಡು. ಟೀವಿಯವರಿಗೆ ತೋರಿಸಿ ಮಧ್ಯಾಹ್ನ ತರ್ತೀನಿ.”

ದುಡ್ಡು ಎತ್ತಿದ್ದಕ್ಕೆ ಮೊಂತೂಫಾರನ ಸಹಿ ಇದ್ದದ್ದು ಆ ಹಾಳೆಯ ಮೇಲೆಯೇ.

“ಹೊಲಿದದ್ದನ್ನ ಬಿಚ್ಚಬಾರದು, ಮೇಡಂ.”

“ಸರ್ಕಾರದಲ್ಲಿರೋ ನಮ್ಮವರೇ ಕೇಳ್ತಿದಾರೆ. ನನ್ನ ಮೇಲೆ ನಂಬಿಕೆ ಇಲ್ವಾ?”

ಬಿಚ್ಚಿಕೊಟ್ಟಳು. ಹಾಳೆ ಮಧ್ಯಾಹ್ನ ಬರಲಿಲ್ಲ, ಮರುದಿನವೂ ಬರಲಿಲ್ಲ. ಯಾವ ಕೈಯಿಂದ ಯಾವ ಕೈಗೆ ಹೋಯಿತೋ ಮೇಡಂಗೂ ಗೊತ್ತಾಗಲಿಲ್ಲ. ಮುಂದಿನ ವರ್ಷ ಮೊಂತೂಫಾರನ ಪಕ್ಷ ಗೆದ್ದಿತು. ಅವನ ವಕೀಲ ಕಡತ ತೆರೆದು ಗಟ್ಟಿಯಾಗಿ ಓದಿದ: “ನಾನೂರ ಹನ್ನೊಂದು. ನಾನೂರ ಹದಿಮೂರು.” ಮೊಕದ್ದಮೆ ಬಿದ್ದುಹೋಯಿತು. ಮೇಡಂ ರಾತ್ರೋರಾತ್ರಿ ಗಡಿ ದಾಟಿ ಮೆಕ್ಸಿಕೋ ಸೇರಿದರು. ಹಾಳೆ ಕದ್ದ ಆರೋಪದ ಮೇಲೆ ಎದೆಲ್ಮಿರಾ ಎಂಟು ತಿಂಗಳು ಜೈಲಿನಲ್ಲಿದ್ದಳು. ಮೇಡಂ ಕಡೆಯವರು ಅವಳನ್ನು ಲಂಚಕೋರಿ ಎಂದರು. ಮೊಂತೂಫಾರನ ಕಡೆಯವರು, ನೋಡಿ, ಪಾಸ್ ಮೇಡಂ ಕೋರ್ಟಿನ ಯೋಗ್ಯತೆ ಇಷ್ಟೇ ಎಂದರು.

“ನಿಜ ಹೇಳ್ಬಿಡಮ್ಮ,” ಎಂದು ನೊಹೆಮಿ ಗೋಗರೆದಳು.

“ನಾನು ಬಾಯಿಬಿಟ್ರೆ ಮೇಡಂ ನಡೆಸಿದ ಬೇರೆ ಕೇಸೆಲ್ಲ ಬೀಳುತ್ತೆ ಕಣೇ. ಅವರೇ ಹೇಳ್ತಾರೆ, ಬಿಡು.”

ಜೈಲಿನಿಂದ ಬಂದವಳು ಸಾಯುವ ತನಕ ಕೇರಿಯವರ ಲಂಗಗಳ ಅಂಚು ಹೊಲಿದಳು.

*

ಸ್ಮಶಾನದ ಗೋಡೆಯಲ್ಲಿ ಹೆಣ ಇಡುವ ಗೂಡುಗಳು; ಎದೆಲ್ಮಿರಾಳದು ಮೂರನೇ ಸಾಲಿನದು. ಪೆಟ್ಟಿಗೆ ಒಳಗೆ ತಳ್ಳಿ, ಗಾರೆಯವನು ಇಟ್ಟಿಗೆ ಕಟ್ಟಿ ಸಿಮೆಂಟು ಮೆತ್ತುತ್ತಿದ್ದ. ತೊಮಾಸಾಳ ದಯೆಯಿಂದ ಪುಷ್ಪಚಕ್ರವೂ ಅಲ್ಲಿಗೆ ಬಂದಿತ್ತು. ಕೋರ್ಟಿನಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಆಗ ಫೋನು ಬಂತು. ನೊಹೆಮಿ ಗೋಡೆಯಾಚೆ ಓಡಿದಳು.

“ನಿಮ್ಮಮ್ಮ ಚಿನ್ನದಂಥವಳು,” ಅಂದರು ಪಾಸ್ ಮೇಡಂ. “ಸುದ್ದಿ ಕೇಳಿ ಊಟ ಸೇರಲಿಲ್ಲ ನಂಗೆ.”

“ಹಾಳೆ ತಗೊಂಡು ಹೋಗಿದ್ದು ನೀವು ಅಂತ ಹೇಳಿ ಮೇಡಂ. ಸ್ಪೀಕರ್ ಹಾಕ್ತೀನಿ. ಇಲ್ಲಿರೋ ಇಪ್ಪತ್ತು ಜನ ಕೇಳಿದ್ರೆ ಸಾಕು.”

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

“ಚುನಾವಣೆ ಹತ್ರ ಬಂತು. ನಮ್ಮವರು ಗೆದ್ರೆ ವಾಪಸ್ ಬರ್ತೀನಿ. ಈಗ ಹೇಳಿದ್ರೆ ಅವರ ಕೈಗೆ ದೊಣ್ಣೆ ಕೊಟ್ಟ ಹಾಗಾಗುತ್ತೆ. ಇನ್ನೊಂದಿಷ್ಟು ದಿನ ತಡ್ಕೋ.”

“ಅಮ್ಮನ್ನ ಗೋಡೆಗೆ ಹಾಕ್ತಿದಾರೆ ಮೇಡಂ. ಅವಳು ಇನ್ನೆಷ್ಟು ತಡ್ಕೋಬೇಕು?”

“ಅವಳಾಗಿದ್ರೆ ಅರ್ಥ ಮಾಡ್ಕೋತಿದ್ಲು.”

ನೊಹೆಮಿ ಫೋನು ಕತ್ತರಿಸಿದಳು. ಅಳು ಬರಲಿಲ್ಲ. ಹೂ ಕಳಿಸಿದವನ ಮೇಲೆ ಇದ್ದಷ್ಟೇ ಸಿಟ್ಟು ಈ ಹೆಂಗಸಿನ ಮೇಲೂ ಬಂತು.

ತಿರುಗಿ ಬಂದರೆ ಎಲ್ಲರೂ ಗೋಡೆ ನೋಡುತ್ತ ನಿಂತಿದ್ದರು. ಗಾರೆಯವನು ಸತ್ತವರ ಹೆಸರೇನೆಂದು ಯಾರನ್ನೂ ಕೇಳಿರಲಿಲ್ಲ. ಅವನು ನೇರಳೆ ಪಟ್ಟಿ ನೋಡಿ, ಒಂದೊಂದೇ ಅಕ್ಷರ ಕೂಡಿಸಿ, ಹಸಿ ಸಿಮೆಂಟಿನ ಮೇಲೆ ಮೊಳೆಯಲ್ಲಿ ಕೊರೆದಿದ್ದ: ಒಬ್ದುಲಿಯೊ ಮೊಂತೂಫಾರ್. ಕೆಳಗೆ ಅಂದಿನ ತಾರೀಖು.

“ಹೂ ಮೇಲೆ ಇರೋದು ಸತ್ತೋರ ಹೆಸರು ಅಂದ್ಕೊಂಡೆ,” ಎಂದು ತೊದಲಿದ.

“ಅವನನ್ನ ಒಳಗೆ ಹಾಕೋಕೆ ಯಾವ ಕೋರ್ಟಿಗೂ ಆಗಿರಲಿಲ್ಲ,” ತೊಮಾಸಾ ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಳು. “ನೀನು ಹಾಕ್ಬಿಟ್ಟೆಯಲ್ಲೋ!”

ಎಲ್ಲರೂ ನಕ್ಕರು. ನೊಹೆಮಿಗೂ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

“ಅಳಿಸು,” ಅಂದಳು.

ಅವನು ಕರಣೆಯಿಂದ ಎರಡು ಸಲ ಸವರಿದ. ನೊಹೆಮಿ ಚೀಲದಿಂದ ಅಮ್ಮನ ದಪ್ಪ ಸೂಜಿ ತೆಗೆದು ತಾನೇ ಕೊರೆದಳು: ಎದೆಲ್ಮಿರಾ ಚಾಕೋನ್.

“ಒಣಗಿದ್ಮೇಲೆ ಹಳೇದು ಕಾಣಲ್ಲ ಬಿಡಿ,” ಅಂದ ಗಾರೆಯವನು.

ಜನ ಚದುರಿದರು. ನೊಹೆಮಿ ಅಲ್ಲೇ ನಿಂತಳು. ಬಿಸಿಲು ಗೋಡೆಗೆ ಬಂತು, ಸಿಮೆಂಟು ಅಂಚಿನಿಂದ ಬೆಳ್ಳಗಾಗುತ್ತ ಬಂತು. ಅಮ್ಮನ ಹೆಸರಿನ ಅಡಿಯಿಂದ ಅಳಿಸಿದ್ದ ಹೆಸರಿನ ‘ಒಬ್ದು’ ಮೊದಲು ಎದ್ದು ಕಂಡಿತು, ಆಮೇಲೆ ಉಳಿದದ್ದು.